ಪಲವಂಕರ್ ಬಾಳೂ: ಧಾರವಾಡದಲ್ಲಿ ಹುಟ್ಟಿದ ಬೌಲರ್, ಅಂಬೇಡ್ಕರ್ ಎದುರು ನಿಂತ ಅಭ್ಯರ್ಥಿ

1937ರ ಪ್ರಾಂತೀಯ ಚುನಾವಣೆ. ಬಾಂಬೆ ನಗರದ ಮೀಸಲು ಸ್ಥಾನವೊಂದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯಿಂದ ಕಣಕ್ಕಿಳಿದಿದ್ದರು. ಅವರನ್ನು ಸೋಲಿಸಲು ಕಾಂಗ್ರೆಸ್ ಹುಡುಕಿದ್ದು ಒಬ್ಬ ವಕೀಲರನ್ನಲ್ಲ, ಭಾಷಣಕಾರರನ್ನೂ ಅಲ್ಲ. ಅರವತ್ತು ದಾಟಿದ ಒಬ್ಬ ಮಾಜಿ ಕ್ರಿಕೆಟಿಗನನ್ನು. ಹೆಸರು ಪಲವಂಕರ್ ಬಾಳೂ. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಅಂತರ ಬರೀ 2,020.

ಇಷ್ಟು ಹತ್ತಿರದ ಪೈಪೋಟಿ ಕೊಟ್ಟ ಈ ಮನುಷ್ಯ ಯಾರು ಅಂತ ಕೇಳಿದರೆ, ಇವತ್ತು ಕನ್ನಡದ ಕ್ರಿಕೆಟ್ ಪ್ರೇಮಿಗಳಲ್ಲೂ ಉತ್ತರ ಹೇಳುವವರು ಕಡಿಮೆ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲೇ.

ಮೈದಾನ ಗುಡಿಸಿ ಕಲಿತ ಆಟ

ಬಾಳೂ ಹುಟ್ಟಿದ್ದು 1876ರಲ್ಲಿ, ಚರ್ಮಕಾರ ಸಮುದಾಯದಲ್ಲಿ. ಮನೆತನದ ಮೂಲ ಕೊಂಕಣದ ಪಲವಣ. ಹೆಸರಲ್ಲಿರುವ 'ಪಲವಂಕರ್' ಬಂದಿದ್ದು ಅಲ್ಲಿಂದ. ತಂದೆಯದು ಸೈನ್ಯಕ್ಕೆ ಸಂಬಂಧಿಸಿದ ಕೆಲಸ. ಹಾಗಾಗಿ ಕುಟುಂಬ ಪುಣೆಗೆ ಬಂತು. ಅಲ್ಲಿನ ಪಾರ್ಸಿ ಕ್ಲಬ್‌ನಲ್ಲಿ ಪಿಚ್ ಗುಡಿಸಿ ಉರುಳುವ ಕೆಲಸ ಸಿಕ್ಕಿತು. ತಿಂಗಳಿಗೆ ಮೂರು ರೂಪಾಯಿ ಸಂಬಳ. ಮುಂದೆ ಯುರೋಪಿಯನ್ನರ ಪೂನಾ ಕ್ಲಬ್‌ಗೆ ಹೋದಾಗ ನಾಲ್ಕು ರೂಪಾಯಿ ಆಯಿತು.

ಬಾಳೂ ಎಡಗೈ ಸ್ಪಿನ್ ಕಲಿತಿದ್ದು ಪೂನಾ ಕ್ಲಬ್‌ನಲ್ಲೇ, ಸಾಹೇಬರಿಗೆ ನೆಟ್ಸ್‌ನಲ್ಲಿ ಚೆಂಡು ಹಾಕುತ್ತಾ. ಆ ಕಾಲದ ಹೆಸರಾಂತ ಬ್ಯಾಟ್ಸ್‌ಮನ್ ಜೆ.ಜಿ. ಗ್ರೆಗ್ ಕೂಡ ಗಂಟೆಗಟ್ಟಲೆ ಬಾಳೂ ಬೌಲಿಂಗ್‌ನಲ್ಲಿ ಅಭ್ಯಾಸ ಮಾಡುತ್ತಿದ್ದರು. ಸಾವಿರಾರು ಚೆಂಡು ಹಾಕಿದವನ ಕೈಗೆ ಬ್ಯಾಟ್ ಕೊಡಬೇಕು ಅಂತ ಮಾತ್ರ ಯಾರಿಗೂ ಅನ್ನಿಸಲಿಲ್ಲ. ಬ್ಯಾಟಿಂಗ್ ದೊರೆಗಳ ಹಕ್ಕು, ಬೌಲಿಂಗ್ ಆಳಿನ ದುಡಿಮೆ!

ಚೆಂಡು ಮುಟ್ಟಬಹುದು, ಲೋಟ ಮುಟ್ಟುವಂತಿಲ್ಲ

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಅದಕ್ಕೆ ಬಾಳೂ ಬೇಕು, ಆದರೆ ಜಾತಿ ಅಡ್ಡ. ಕೊನೆಗೆ ತಂಡಕ್ಕೆ ಸೇರಿಸಿಕೊಂಡರು, ಷರತ್ತಿನ ಮೇಲೆ. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಬಹುದು. ಚಹಾ ವಿರಾಮ ಬಂದರೆ ಬಾಳೂ ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ ಕುಡಿಯಬೇಕು. ಊಟದ ತಟ್ಟೆಯೂ ಬೇರೆ, ಜಾಗವೂ ಬೇರೆ.

ಪುಣೆಯಲ್ಲಿ ಪ್ಲೇಗ್ ಬಂದ ನಂತರ ಕುಟುಂಬ ಬಾಂಬೆಗೆ ಹೋಯಿತು. ಅಲ್ಲಿ ಹಿಂದೂ ಜಿಮ್ಖಾನಾ ಸೇರಿದರು. 1906ರಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಳೂ ಮತ್ತು ತಮ್ಮ ಶಿವರಾಂ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ತಂಡ ಇಂಗ್ಲೆಂಡ್‌ಗೆ ಹೋಯಿತು. ಹೆಚ್ಚಿನ ಪಂದ್ಯ ಸೋತ ಆ ಪ್ರವಾಸದಲ್ಲಿ ಬಾಳೂ ಒಬ್ಬರೇ 114 ವಿಕೆಟ್ ಕಿತ್ತರು. ಪ್ರಥಮ ದರ್ಜೆಯ ಒಟ್ಟು ಲೆಕ್ಕ 33 ಪಂದ್ಯ, 179 ವಿಕೆಟ್, ಸರಾಸರಿ 15.21.

ಇಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಮಾತ್ರ ಸಿಗಲಿಲ್ಲ. ವರ್ಷ ವರ್ಷವೂ ಮೇಲ್ಜಾತಿಯವರಿಗೇ ಹೋಯಿತು. 1920ರಲ್ಲಿ ತಮ್ಮಂದಿರಾದ ವಿಠಲ್ ಮತ್ತು ಶಿವರಾಂ ಬಹಿರಂಗವಾಗಿ ಪ್ರತಿಭಟಿಸಿ ತಂಡದಿಂದ ಹೊರನಡೆದರು. ಜಾತಿ ಬಿಟ್ಟು ಬೇರೆ ಕಾರಣ ಏನಿದೆ ಎಂಬ ಪ್ರಶ್ನೆ ಪತ್ರಿಕೆಗಳಿಗೂ ಬಂತು. 1923ರಲ್ಲಿ ವಿಠಲ್ ಕ್ಯಾಪ್ಟನ್ ಆದರು. ಅಷ್ಟರಲ್ಲಿ ಅಣ್ಣನ ಆಟ ಮುಗಿದಿತ್ತು.

ಮೆಚ್ಚಿದವರೇ ಎದುರಾಳಿಯಾದದ್ದು

ಯುವಕ ಅಂಬೇಡ್ಕರ್‌ಗೆ ಬಾಳೂ ಎಂದರೆ ಹೆಮ್ಮೆ. ಅವರ ಸನ್ಮಾನಕ್ಕೆ ಓಡಾಡಿದವರಲ್ಲಿ ಅಂಬೇಡ್ಕರ್ ಕೂಡ ಇದ್ದರು. ಇಬ್ಬರ ದಾರಿ ಬೇರೆಯಾಗಿದ್ದು 1932ರಲ್ಲಿ. ಬ್ರಿಟಿಷರ ಕೋಮು ತೀರ್ಪು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳಲ್ಲಿ 71 ಸ್ಥಾನ ಕೊಟ್ಟಿತು. ಗಾಂಧಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಬಾಳೂ ಜಂಟಿ ಮತಕ್ಷೇತ್ರದ ಪರ ನಿಂತರು. ಸೆಪ್ಟೆಂಬರ್ 24ರ ಪೂನಾ ಒಪ್ಪಂದ ಪ್ರತ್ಯೇಕ ಮತಕ್ಷೇತ್ರ ಕೈಬಿಟ್ಟು 148 ಮೀಸಲು ಸ್ಥಾನ ಕೊಟ್ಟಿತು. ಅದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಅಂಬೇಡ್ಕರ್ ಹೆಸರೂ ಇದೆ, ಬಾಳೂ ಹೆಸರೂ ಇದೆ. ಒಬ್ಬರದು ಒತ್ತಡಕ್ಕೆ ಒಪ್ಪಿದ ಸಹಿ, ಇನ್ನೊಬ್ಬರದು ನಂಬಿ ಹಾಕಿದ ಸಹಿ.

ಮರುವರ್ಷ ಬಾಳೂ ಹಿಂದೂ ಮಹಾಸಭಾದಿಂದ ಬಾಂಬೆ ಮುನಿಸಿಪಾಲಿಟಿ ಚುನಾವಣೆಗೆ ನಿಂತು ಸೋತರು. ಅಂಬೇಡ್ಕರ್ 1935ರಲ್ಲಿ ಮತಾಂತರದ ಮಾತೆತ್ತಿದಾಗ ವಿರೋಧಿಸಿದರು. ನಂತರ ಬಂದದ್ದೇ 1937ರ ಸ್ಪರ್ಧೆ.

ಹಾಗಾದರೆ ಬಾಳೂ ತಪ್ಪಿದರೇ?

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಕಾಂಗ್ರೆಸ್‌ನ ದಾಳವಾದರು ಎನ್ನುವುದು ಒಂದು. ಆಟಗಾರನಿಗೆ ರಾಜಕೀಯ ಎಲ್ಲಿ ಗೊತ್ತು ಎನ್ನುವುದು ಇನ್ನೊಂದು. ಎರಡೂ ಅವರ ಬದುಕನ್ನು ನೋಡದೆ ಆಡುವ ಮಾತು. ತಮ್ಮ ಕಣ್ಣೆದುರೇ ಬೇಲಿಗಳು ಒಂದೊಂದಾಗಿ ಕುಸಿದಿದ್ದನ್ನು ಬಾಳೂ ಕಂಡಿದ್ದರು. ಹೊರಗೆ ಕುಡಿಸುತ್ತಿದ್ದವರೇ ಮುಂದೆ ಒಳಗೆ ಕರೆದು ಕೂರಿಸಿದ್ದರು; ತಮ್ಮ ಕ್ಯಾಪ್ಟನ್ ಆಗಿದ್ದ. ಒಳಗಿದ್ದುಕೊಂಡೇ ಬದಲಾಯಿಸಬಹುದು ಎಂಬ ನಂಬಿಕೆ ಅವರಿಗೆ ಬಂದಿದ್ದು ಹಾಗೆ.

ಆದರೆ ಆ ಬೇಲಿ ಕುಸಿದದ್ದು ಯಾಕೆ ಅಂತಲೂ ಕೇಳಬೇಕಲ್ಲ? ಬಾಳೂ ಇಲ್ಲದೆ ಪಂದ್ಯ ಗೆಲ್ಲಲು ಆಗುತ್ತಿರಲಿಲ್ಲ, ಅದಕ್ಕೆ. ವಿಕೆಟ್ ತೆಗೆಯುವ ಕೈಗೆ ಸಿಕ್ಕ ಮರ್ಯಾದೆ, ಅದೇ ಬೀದಿಯಲ್ಲಿ ಚಪ್ಪಲಿ ಹೊಲಿಯುವ ಕೈಗೆ ಸಿಗಲಿಲ್ಲ. ಅಸಾಧಾರಣ ಪ್ರತಿಭೆಗೆ ಮಾತ್ರ ತೆರೆಯುವ ಬಾಗಿಲು ಸಮಾನತೆಯ ಬಾಗಿಲಲ್ಲ. ಅಂಬೇಡ್ಕರ್ ಕೇಳಿದ್ದು ಆಟ ಬಾರದವನಿಗೂ ಸಲ್ಲಬೇಕಾದ ಹಕ್ಕನ್ನು. ವಾದದಲ್ಲಿ ಅವರ ಕೈ ಮೇಲಾಗುವುದು ಇಲ್ಲೇ. ಹಾಗಂತ ಬಾಳೂ ಬೌಲಿಂಗ್ ವ್ಯರ್ಥವಾಯಿತು ಅನ್ನುವಂತಿಲ್ಲ. ಮುಟ್ಟಬಾರದವನ ಕೈಯಿಂದ ಬಂದ ಚೆಂಡನ್ನು ಹಿಡಿದು ಸಂಭ್ರಮಿಸಿದ ಸಾವಿರಾರು ಜನರಿಗೆ, ತಮ್ಮ ಮನೆಯ ಪ್ರತ್ಯೇಕ ಲೋಟ ಒಂದು ಕ್ಷಣವಾದರೂ ಚುಚ್ಚಿರಲೇಬೇಕು.

ಬಾಳೂ 1955ರ ಜುಲೈನಲ್ಲಿ ಬಾಂಬೆಯಲ್ಲಿ ತೀರಿಕೊಂಡರು. ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಕಾಯ್ದೆಯನ್ನು ಸಂಸತ್ತು ಒಪ್ಪಿದ್ದೂ ಅದೇ ವರ್ಷ. ಚಹಾ ಅಂಗಡಿಯಲ್ಲಿ ಬೇರೆ ಲೋಟ ಇಡುವ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಆಗಾಗ ಈಗಲೂ ಬರುತ್ತಲೇ ಇದೆ.