ಗುಟ್ಟು ಬಿಡದೆ ಗಂಟುಮೂಟೆ ಕಟ್ಟಿದವರು

ಕೋಕಾ ಕೋಲಾವನ್ನು ಭಾರತದಿಂದ ಓಡಿಸಿದವರು ಜಾರ್ಜ್ ಫರ್ನಾಂಡಿಸ್ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಮಂಗಳೂರಿನಲ್ಲಿ ಹುಟ್ಟಿದ ಈ ಕಾರ್ಮಿಕ ನಾಯಕ 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿದ್ದುದು ನಿಜ. ಆದರೆ ಅವರು ಝಳಪಿಸಿದ ಕತ್ತಿ ಇಂದಿರಾ ಗಾಂಧಿ ಸರ್ಕಾರ 1973ರಲ್ಲೇ ಮಸೆದಿಟ್ಟದ್ದು. ಅದೇ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ, ಜನರ ಬಾಯಲ್ಲಿ ‘ಫೆರಾ’.

ವಿದೇಶಿ ಕಂಪೆನಿಗಳು ಇಲ್ಲಿನ ತಮ್ಮ ಶಾಖೆಗಳಲ್ಲಿನ ಪಾಲನ್ನು ಸಾಮಾನ್ಯವಾಗಿ ಶೇ 40ಕ್ಕೆ ಇಳಿಸಬೇಕು ಎಂಬುದು ಅದರ ತಿರುಳು. ಉನ್ನತ ತಂತ್ರಜ್ಞಾನ ತರುವವರಿಗೆ, ಹೆಚ್ಚು ರಫ್ತು ಮಾಡುವವರಿಗೆ ಮಾತ್ರ ವಿನಾಯಿತಿ.

1950ರಿಂದ ಇಲ್ಲಿದ್ದ ಕೋಕಾ ಕೋಲಾಕ್ಕೆ ಷೇರಿಗಿಂತ ಗುಟ್ಟಿನ ಚಿಂತೆ ದೊಡ್ಡದಾಗಿತ್ತು. ಬಾಟಲಿ ತುಂಬುವವರು ಹೇಗೂ ಭಾರತೀಯರೇ. ಅವರಿಗೆ ಸರಬರಾಜಾಗುತ್ತಿದ್ದ ಸಾರದ ತಯಾರಿಕೆ ಮಾತ್ರ ತನ್ನ ಹಿಡಿತದಲ್ಲೇ ಇರಬೇಕೆಂದು ಕಂಪೆನಿ ಹಟ ಹಿಡಿಯಿತು. ಸರ್ಕಾರ ಒಪ್ಪಲಿಲ್ಲ, ಕಂಪೆನಿ ಹೊರಟಿತು. ಐಬಿಎಂನ ವಾದವೇ ಬೇರೆ. ಹಲವು ದೇಶಗಳ ಘಟಕಗಳನ್ನು ಒಂದೇ ಯಂತ್ರದಂತೆ ನಡೆಸುವ ತಾನು ಒಂದು ಕಡೆ ಮಾತ್ರ ಪಾಲುದಾರರನ್ನು ಸೇರಿಸಿಕೊಳ್ಳಲಾರೆ ಎಂದಿತು. 1978ರಲ್ಲಿ ಅದೂ ಬಾಗಿಲು ಹಾಕಿತು. ಬಿಟ್ಟುಹೋದ ಕಂಪ್ಯೂಟರುಗಳ ರಿಪೇರಿ ಸರ್ಕಾರಿ ಸಂಸ್ಥೆ ಸಿಎಂಸಿಯ ಹೆಗಲೇರಿತು.

ಉಳಿದವರ ಲೆಕ್ಕಾಚಾರ ಹೆಚ್ಚು ಸ್ವಾರಸ್ಯಕರ. ಕೋಲ್ಗೇಟ್ ತನ್ನ ಪಾಲನ್ನು ಶೇ 40ಕ್ಕೆ ಇಳಿಸಿತು, ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಶೇ 60 ಅಸಂಖ್ಯ ಸಣ್ಣ ಹೂಡಿಕೆದಾರರಲ್ಲಿ ಹಂಚಿಹೋದ ಮೇಲೆ ಶೇ 40 ಇದ್ದವನೇ ಯಜಮಾನ! ಹಿಂದೂಸ್ತಾನ್ ಲೀವರ್ ರಾಸಾಯನಿಕಗಳತ್ತ, ರಫ್ತಿನತ್ತ ಹೊರಳಿ ಶೇ 51ನ್ನೇ ದಕ್ಕಿಸಿಕೊಂಡಿತು. ಕಾಯಿದೆಯನ್ನು ಓದುವುದರಲ್ಲಿ ಸಾಬೂನು, ಹಲ್ಲುಪುಡಿಯವರು ಕಂಪ್ಯೂಟರಿನವರಿಗಿಂತ ಚುರುಕಾಗಿದ್ದರು.

ಕೋಕಾ ಕೋಲಾ ತೆರವು ಮಾಡಿದ ಜಾಗಕ್ಕೆ ಸರ್ಕಾರಿ ಮಾಡರ್ನ್ ಫುಡ್ಸ್ ‘ಡಬಲ್ ಸೆವೆನ್’ ತಂದಿತು. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ. ಪಾನೀಯ ಬಹುಕಾಲ ಬಾಳಲಿಲ್ಲ. ಮಾರುಕಟ್ಟೆ ಗೆದ್ದದ್ದು ಪಾರ್ಲೆಯ ‘ಥಮ್ಸ್ ಅಪ್’.

1991ರ ಉದಾರೀಕರಣದ ನಂತರ ಹೋದವರು ಮರಳಿದರು. ಪಾಲುದಾರರೇ ಬೇಡವೆಂದಿದ್ದ ಐಬಿಎಂ 1992ರಲ್ಲಿ ಟಾಟಾ ಜೊತೆ ಸೇರಿ ಬೆಂಗಳೂರಿನಲ್ಲಿ ಕಂಪೆನಿ ತೆರೆಯಿತು. 1993ರಲ್ಲಿ ಬಂದ ಕೋಕಾ ಕೋಲಾ, ತಾನಿಲ್ಲದಾಗ ಬೆಳೆದ ಥಮ್ಸ್ ಅಪ್ಪನ್ನೇ ಹಣ ಕೊಟ್ಟು ಕೊಳ್ಳಬೇಕಾಯಿತು. 2021ರಲ್ಲಿ ಅದರ ವಾರ್ಷಿಕ ಮಾರಾಟ 100 ಕೋಟಿ ಡಾಲರ್ ಮುಟ್ಟಿತು.