ಬೋಸ್ಟನ್ನಿನ ಕ್ಷಯರೋಗಿಗಳ ತರಗತಿ

ನನ್ನ ಚಿಕ್ಕಂದಿನಲ್ಲಿ ಕ್ಷಯ ತಗುಲಿದ್ದ ಸೋದರಮಾವನ ತಟ್ಟೆ, ಲೋಟ ಬೇರೆಯೇ ಇರುತ್ತಿದ್ದವು. ಅವರು ಕೆಮ್ಮಿಗಿಂತ ಹೆಚ್ಚಾಗಿ ಆ ತಟ್ಟೆಗೇ ಕುಗ್ಗಿದ್ದರು. ವಾಚಕರಲ್ಲಿ ಹಲವರು ಇಂಥದನ್ನು ಕಂಡಿರಬಹುದು.

ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅದಕ್ಕೆ ಮುನ್ನ ವಿಶ್ರಾಂತಿ, ಬಯಲಗಾಳಿ, ಪುಷ್ಟಿಕರ ಆಹಾರ ಇವೇ ಮುಖ್ಯ ಚಿಕಿತ್ಸೆ. ಅದೂ ಆರೋಗ್ಯಧಾಮಕ್ಕೆ ಹೋಗಬಲ್ಲ ಉಳ್ಳವರಿಗೆ. ಅಮೆರಿಕದ ಬೋಸ್ಟನ್ ನಗರದ ವೈದ್ಯ ಜೋಸೆಫ್ ಪ್ರ್ಯಾಟ್ ಅವರು 1905ರಲ್ಲಿ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸತೊಡಗಿದರು. ಖರ್ಚು ವಹಿಸಿದ್ದು ಎಮ್ಯಾನುಯೆಲ್ ಚರ್ಚು. ಪ್ರ್ಯಾಟರು ಆ ಕೂಟವನ್ನು ‘ತರಗತಿ’ ಎಂದೇ ಕರೆದರು. ಮೇಷ್ಟರಾದ ನನಗೆ ಈ ಹೆಸರು ಬಲು ಹಿಡಿಸಿತು. ರೋಗಿಗಳು ಹಿತ್ತಲಲ್ಲೋ ಮಾಳಿಗೆಯ ಮೇಲೋ ಗಾಳಿಗೆ ಮಲಗಬೇಕು. ಜ್ವರ, ಆಹಾರ, ವಿಶ್ರಾಂತಿಯ ಲೆಕ್ಕವನ್ನು ತಾವೇ ಪುಸ್ತಕದಲ್ಲಿ ಬರೆದು ತರಬೇಕು. ದಾದಿ ಮನೆಗೇ ಹೋಗಿ ವಿಚಾರಿಸುತ್ತಿದ್ದಳು.

ಪ್ರ್ಯಾಟರು ಮೊದಲು ಬಯಸಿದ್ದು ಪಥ್ಯದ ಶಿಸ್ತನ್ನಷ್ಟೇ. ಆದರೆ ತೂಕ ಏರಿದವನನ್ನು ಕಂಡು ಪಕ್ಕದವನಿಗೂ ಧೈರ್ಯ ಬರುತ್ತಿತ್ತು. ಒಂದೇ ಜಾಡ್ಯದ ಸಂಕಟ ಅವರನ್ನು ಗೆಳೆಯರನ್ನಾಗಿಸಿತ್ತು. ಸಾಮೂಹಿಕ ಮನಶ್ಚಿಕಿತ್ಸೆಯ ಮೊದಲ ಹೆಜ್ಜೆಯನ್ನು ಚರಿತ್ರಕಾರರು ಇಲ್ಲಿಯೇ ಗುರುತಿಸುತ್ತಾರೆ. 1930ರಲ್ಲಿ ಪ್ರ್ಯಾಟರು ಬೋಸ್ಟನ್ನಿನಲ್ಲಿಯೇ ಇನ್ನೊಂದು ತರಗತಿ ತೆರೆದರು. ಈ ಸಲ ಮನೋವ್ಯಥೆಯಿಂದ ದೇಹ ಬಳಲಿದವರಿಗಾಗಿ.