ಕ್ರೋಶಾ ಕಡ್ಡಿಯೂ ಹವಳದ ದಿಬ್ಬವೂ: ಮೊದಲ ಹೆಣಿಗೆಗೊಂದು ಚರಿತ್ರೆ

ಕ್ರೋಶಾ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ಊರಿನ ಮನೆಯ ಬಾಗಿಲ ತೋರಣ, ಟಿ.ವಿ.ಯ ಮೇಲಿನ ಹೊದಿಕೆ, ಸೀರೆಯ ಸೆರಗಿನ ಕುಚ್ಚು. ಅಡುಗೆಮನೆಯ ಕೆಲಸ ಮುಗಿದ ಮೇಲೆ ಅಮ್ಮಂದಿರೂ ಅಜ್ಜಿಯರೂ ಹೆಣೆಯುತ್ತಿದ್ದ ಇವುಗಳನ್ನು 'ಹೊತ್ತು ಕಳೆಯುವ ಕೆಲಸ'ವೆನ್ನುವುದು ರೂಢಿ. ಈ ಕಲೆಯ ಚರಿತ್ರೆ ಮಾತ್ರ ಬೇರೆಯದನ್ನೇ ಹೇಳುತ್ತದೆ. ಅದರ ಒಂದು ಎಳೆ ನಮ್ಮ ಬ್ರಿಸ್ಬೇನಿನ ಸೇಂಟ್ ಲೂಸಿಯಾವನ್ನೂ ಮುಟ್ಟಿದೆ.

ಫ್ರೆಂಚ್ ಭಾಷೆಯಲ್ಲಿ ಕ್ರೋಶೆ ಎಂದರೆ ಪುಟ್ಟ ಕೊಕ್ಕೆ. ಇದರ ವಿನ್ಯಾಸಗಳು 1823ರಲ್ಲಿಯೇ ಡಚ್ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದವು. 1840ರ ದಶಕದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಕುಟುಂಬಗಳಿಗೆ ಕ್ರೋಶಾ ಲೇಸು ಅನ್ನದ ದಾರಿಯಾಯಿತು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕಲಿಸಿದ ಈ ವಿದ್ಯೆ ಮನೆಯೊಳಗಿನ ಹೆಂಗಸರ ದುಡಿಮೆಯಾಗಿ ಹೊರದೇಶಗಳ ಮಾರುಕಟ್ಟೆಯನ್ನು ತಲುಪಿತು.

ಅದೇ ಶತಮಾನದಲ್ಲಿ ಗಣಿತಜ್ಞರು ಮತ್ತೊಂದು ಹಾದಿಯಲ್ಲಿದ್ದರು. ರೇಖೆಯೊಂದರ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಸಮಾಂತರ ರೇಖೆ ಸಾಧ್ಯವೆಂಬುದು ಯೂಕ್ಲಿಡನ ಕಾಲದಿಂದ ಬಂದ ನಂಬಿಕೆ. ರಷ್ಯದ ಲೊಬಚೆವ್‌ಸ್ಕಿಯೂ ಹಂಗೇರಿಯ ಬೋಯಾಯಿಯೂ ಅಂತಹ ಅನೇಕ ರೇಖೆಗಳಿರಬಲ್ಲ 'ಹೈಪರ್ಬೋಲಿಕ್' ಜ್ಯಾಮಿತಿಯನ್ನು 1830ರ ಸುಮಾರಿಗೆ ಪ್ರಕಟಿಸಿದರು. ಆದರೆ ಆ ಮೈಯನ್ನು ಕೈಯಲ್ಲಿ ಹಿಡಿಯುವಂತೆ ರೂಪಿಸುವುದು ಸುಲಭವಾಗಿರಲಿಲ್ಲ. ಕಾಗದದ ಪಟ್ಟಿಗಳಿಂದ ಮಾಡಿದ ಮಾದರಿಗಳು ಬೇಗ ಹರಿಯುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ಟೈಮಿನಾ, ಲಾಟ್ವಿಯಾದಲ್ಲಿ ಬಾಲ್ಯದಲ್ಲೇ ಕಲಿತ ಹೆಣಿಗೆಯನ್ನು ನೆನೆದು, ಕ್ರೋಶಾ ಕಡ್ಡಿಯಿಂದ ಅದನ್ನು ಹೆಣೆದೇಬಿಟ್ಟರು. ಗಣಿತಕ್ಕೆ ಬೇಕಾಗಿದ್ದುದು ಅಜ್ಜಿಯರ ಕೈಚಳಕವೇ ಆಗಿತ್ತು!

ಈ ಎಳೆಯನ್ನು ಮುಂದಕ್ಕೆ ಒಯ್ದವರು ಬ್ರಿಸ್ಬೇನಿನಲ್ಲಿ ಹುಟ್ಟಿದ ಅವಳಿ ಸೋದರಿಯರಾದ ಮಾರ್ಗರೆಟ್ ಮತ್ತು ಕ್ರಿಸ್ಟಿನ್ ವರ್ತೈಮ್. ಮಾರ್ಗರೆಟ್ ಭೌತಶಾಸ್ತ್ರ ಓದಿದ್ದು ಇಲ್ಲಿಯ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. 1998 ಮತ್ತು 2002ರಲ್ಲಿ ಸಮುದ್ರ ಬಿಸಿಯೇರಿ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿದ್ದವು. ಹವಳದ ನಿರಿಗೆಗಳೂ ಅದೇ ಜ್ಯಾಮಿತಿಯವೆಂದರಿತ ಈ ಸೋದರಿಯರು 2005ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ ನೂಲಿನ ಹವಳದ ದಿಬ್ಬವೊಂದನ್ನು ಆರಂಭಿಸಿದರು. ನಾನಾ ದೇಶಗಳ ಸಾವಿರಾರು ಜನ, ಬಹುಪಾಲು ಮಹಿಳೆಯರು, ಅದಕ್ಕೆ ಕೈಗೂಡಿಸಿದರು. 2019ರ ವೆನಿಸ್ ಬಿಯೆನಾಲೆಯಲ್ಲಿಯೂ ಅದು ಪ್ರದರ್ಶಿತವಾಯಿತು. ನಿಜವಾದ ಹವಳಗಳಾದರೋ 2016ರಿಂದೀಚೆಗೆ ಮತ್ತೆ ಮತ್ತೆ ಬಿಳಿಚುತ್ತಿವೆ.

ಹೊಸದಾಗಿ ಕಲಿಯುವವರಿಗೆ ಈ ಹವಳಕ್ಕಿಂತ ಸುಲಭವಾದ ಹೆಣಿಗೆ ಅಪರೂಪ. ಚೌಕದ ಅಂಚು ಸೊಟ್ಟಗಾದರೆ ಎದ್ದು ಕಾಣುತ್ತದೆ. ಹವಳಕ್ಕೆ ಸೊಟ್ಟವೇ ಸೊಗಸು. 5 ಮಿ.ಮೀ. ಕಡ್ಡಿ, ತಿಳಿಬಣ್ಣದ ಸಾಧಾರಣ ದಪ್ಪದ ದಾರ ಸಾಕು. 11 ಸರಪಳಿ ಕುಣಿಕೆಗಳನ್ನು ಹಾಕಿ, ಎರಡನೆಯ ಕುಣಿಕೆಯಿಂದ ಮೊದಲುಮಾಡಿ ಒಂದೊಂದರಲ್ಲಿ ಒಂದು ಹೆಣಿಗೆಯಂತೆ 10 ಹಾಕಬೇಕು. ಹೆಣಿಗೆಯೆಂದರೆ ಇಷ್ಟೇ: ಕಡ್ಡಿಯನ್ನು ತೂರಿಸಿ ದಾರವನ್ನು ಎಳೆದುಕೊಳ್ಳುವುದು, ಮತ್ತೆ ದಾರ ಸುತ್ತಿ, ಕಡ್ಡಿಯ ಮೇಲಿನ ಎರಡೂ ಕುಣಿಕೆಗಳ ಮೂಲಕ ಎಳೆಯುವುದು. ಸಾಲಿನ ಕೊನೆಯಲ್ಲಿ ಒಂದು ಸರಪಳಿ ಹಾಕಿ ತಿರುಗಿಸಿ, ಮುಂದೆ ಪ್ರತಿ ಹೆಣಿಗೆಯೊಳಗೂ ಎರಡೆರಡು ಹಾಕುತ್ತ ಹೋಗಬೇಕು. 10 ಇದ್ದದ್ದು 20, 40, 80, 160 ಆಗಿ, ಐದನೆಯ ಬಾರಿಗೆ 320 ಆಗುತ್ತದೆ. ಅಷ್ಟಕ್ಕೆ ಜಾಗ ಸಾಲದೆ ಅಂಚು ತಾನಾಗಿ ನಿರಿಗೆಗಟ್ಟುತ್ತದೆ.

ಒಂದು ಎಚ್ಚರಿಕೆಯ ಮಾತು: ಇಲ್ಲಿ ಹೇಳಿದ ಹೆಣಿಗೆಗೆ ಆಸ್ಟ್ರೇಲಿಯಾದ ಪುಸ್ತಕಗಳಲ್ಲಿ ಸಾಮಾನ್ಯವಾಗಿ 'ಡಬಲ್ ಕ್ರೋಶೆ' ಎಂದೂ ಅಮೆರಿಕದವುಗಳಲ್ಲಿ 'ಸಿಂಗಲ್ ಕ್ರೋಶೆ' ಎಂದೂ ಹೆಸರು. ಯಾವ ಪದ್ಧತಿಯೆಂದು ಮೊದಲೇ ನೋಡಿಕೊಳ್ಳುವುದು ಲೇಸು.

ಊರಿನಿಂದ ಬಂದಿರುವ ಹಿರಿಯರಲ್ಲಿ ಕುಚ್ಚು ಕಟ್ಟಬಲ್ಲವರಿದ್ದರೆ ಮಕ್ಕಳನ್ನು ಅವರ ಪಕ್ಕ ಕೂರಿಸೋಣ. ಅಜ್ಜಿ ಕಡ್ಡಿ ಹಿಡಿಯುವುದನ್ನು ಕಲಿಸಲಿ; ಮೊಮ್ಮಗಳು ಸಾಲು ಸಾಲಿಗೂ ಲೆಕ್ಕವಿಡಲಿ. ಕನ್ನಡದಲ್ಲಿ ಎಣಿಸಿದರೆ ಇನ್ನೂ ಚೆನ್ನ.